ಅಯ್ಯಾರ ಪ್ರಸಾದ

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ನಾನು ಆಡುತ್ತೇನೆ. ಸತ್ತವನು ನಮ್ಮಪ್ಪ, ಏಟು ತಿಂದವಳು ನಾನು, ನಡುವೆ ಊರಿನವರಿಗೇನು ಕಷ್ಟ?

ನಮ್ಮಪ್ಪ ವೀರಭದ್ರಯ್ಯ ಕೊಟ್ಟೂರಿನಲ್ಲಿ ಶೇಂಗಾ ಗಿರಣಿ ಇಟ್ಟಿದ್ದ. ಗಿರಣಿಯ ಎಣ್ಣೆಗಿಂತ ಅವನ ಬಲಗೈಗೆ ಹೆಚ್ಚು ಹೆಸರಿತ್ತು. ಎದುರಿಗಿದ್ದವರ ಮಾತು ಸೇರಲಿಲ್ಲವೆಂದರೆ ಅವನ ಬಾಯಿಗಿಂತ ಮೊದಲು ಕೈ ಏಳುತ್ತಿತ್ತು. ಹಮಾಲರಿಗೆ, ಗುಮಾಸ್ತರಿಗೆ, ಕಾಯಿ ಸುಲಿಯುವ ಹೆಂಗಸರಿಗೆ, ಹೆಂಡತಿಗೆ, ಮಕ್ಕಳಿಗೆ, ಎಲ್ಲರಿಗೂ ಒಂದೇ ಅಳತೆ. ಅಂಗೈ ಪೂರ್ತಿ ಬಿಚ್ಚಿ, ಕಿವಿ ಕೆನ್ನೆ ಎರಡೂ ಸೇರುವಂತೆ ಬೀಸುತ್ತಿದ್ದ. ನಮ್ಮದು ಜನ ಕಾಲಿಗೆ ಬೀಳುವ ಅಯ್ಯನವರ ಮನೆತನ. ಅದಕ್ಕೇ ಗಿರಣಿಯವರು ಆ ಏಟಿಗೆ ಪ್ರಸಾದ ಎಂದು ಹೆಸರಿಟ್ಟಿದ್ದರು. "ಏನಲೇ, ಮುಂಜಾನಿಗೇ ಅಯ್ಯಾರ ಪ್ರಸಾದ ಆತೇನು?" ಎಂದು ಹಮಾಲರು ಒಬ್ಬರನ್ನೊಬ್ಬರು ಕೇಳಿ ನಗುತ್ತಿದ್ದರು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂಬ ಗಾದೆಯನ್ನು ನಮ್ಮ ಗಿರಣಿಯಲ್ಲಿ ತಿರುವಿ ಹಾಕಿದ್ದರು: ಕೊಟ್ಟೋನು ಈರಭದ್ರ, ಇಸ್ಕೊಂಡೋನು ಕೋಡಂಗಿ. ಆ ಪ್ರಸಾದದ ಮಾತು ಸಂತೆಯಿಂದ ಸಂತೆಗೆ ಹೋಗಿ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ ಎಲ್ಲ ಕಡೆ ಸೇರಿತು. ಕಡೆಗೆ ಯಾವ ಊರಿನಲ್ಲಿ ಯಾವ ಗಂಡ ಹೆಂಡತಿಯ ಕಪಾಳಕ್ಕೆ ಬಿಗಿದರೂ ಅದು ಪ್ರಸಾದವೇ ಆಯಿತು.

ನಗುವ ಮಾತಲ್ಲ. ಕಾಯಿ ಸುಲಿಯುವ ಗಾಳೆಮ್ಮ ಒಮ್ಮೆ ಒಂದು ಹಿಡಿ ಶೇಂಗಾ ಬಾಯಿಗೆ ಹಾಕಿಕೊಂಡಿದ್ದಳು. ಅಪ್ಪ ಬಾಯಿ ತೆಗಿ ಅಂದ. ತೆಗೆದಳು. ನಾನು ಬುತ್ತಿ ಕೊಡಲು ಹೋದವಳು ಅಲ್ಲೇ ನಿಂತಿದ್ದೆ. ಏಟಿಗೆ ಅವಳು ಸಿಪ್ಪೆಯ ರಾಶಿಯ ಮೇಲೆ ಬಿದ್ದಳು. ಕಿವಿಯಿಂದ ರಕ್ತದ ಎಳೆ ಇಳಿದು ಕೊರಳ ಕರಿಮಣಿಗೆ ಹತ್ತಿತು. ಎದ್ದು ಕುಳಿತು, ಬಾಯಲ್ಲಿ ಉಳಿದದ್ದನ್ನು ನುಂಗಿ, ಮತ್ತೆ ಸುಲಿಯತೊಡಗಿದಳು. ಅಪ್ಪ ಮುಂದಿನವಳ ಬಾಯಿ ನೋಡಲು ಹೋದ.

ನನ್ನ ಎಡಗಿವಿ ಹೋದದ್ದು ಹೈಸ್ಕೂಲಿನಲ್ಲಿದ್ದಾಗ. ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ಅಪ್ಪ ನಮ್ಮವ್ವ ಕೊಟ್ರಮ್ಮನ ಕೂದಲು ಹಿಡಿದು ತಲೆಯನ್ನು ಒಲೆಗಟ್ಟೆಗೆ ಬಡಿಯುತ್ತಿದ್ದ. ನಾನು ನಡುವೆ ಹೋಗಿ ಅವನ ತೋಳು ಕಚ್ಚಿದೆ. ಆಮೇಲೆ ಕಿವಿಯೊಳಗೆ ಗಿರಣಿಯ ಬೆಲ್ಟು ಹರಿದಂಥ ಸದ್ದಾಯಿತು, ಅಷ್ಟೇ ನೆನಪು. ಹಣೆಗೆ ಅರಿಶಿನ ಮೆತ್ತಿಕೊಂಡಿದ್ದ ಅವ್ವನೇ ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. "ತಲಿ ಎರಕೊಳ್ಳಾಗ ನೀರು ಹೊಕ್ಕೈತ್ರಿ" ಎಂದು ಹೇಳಿದಳು. ಡಾಕ್ಟರು ಅವಳ ಹಣೆ ನೋಡಿದರು, ನನ್ನ ಕಿವಿ ನೋಡಿದರು, ಹತ್ತಿ ಇಟ್ಟು ಕಳಿಸಿದರು.

ಅವತ್ತಿನಿಂದ ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಕುಳಿತಿದೆ. ಮದುವೆಯಾಗಲಿಲ್ಲ, ಮನೆಯಲ್ಲಿ ಕಂಡದ್ದೇ ಸಾಕಾಗಿತ್ತು. ಹರಪನಹಳ್ಳಿಯಲ್ಲಿ ಕನ್ನಡ ಮೇಡಂ ಆಗಿ ಬಾಡಿಗೆ ಮನೆ ಹಿಡಿದೆ. ಸುಮಲತಾ ಮೇಡಂ ಎಂದರೆ ಅಲ್ಲಿ ಹುಡುಗರು ದೂರದಿಂದಲೇ ಸೈಕಲ್ ಇಳಿಯುತ್ತಾರೆ.

ಎರಡು ಸಾವಿರದ ಒಂದರಲ್ಲಿ ಅಪ್ಪನಿಗೆ ಗಂಟಲ ಕ್ಯಾನ್ಸರ್ ಆಯಿತು. ದೊಡ್ಡ ಆಸ್ಪತ್ರೆಯಲ್ಲಿ ದನಿಪೆಟ್ಟಿಗೆಯನ್ನೇ ತೆಗೆದು, ಉಸಿರಾಡಲು ಕತ್ತಿನಲ್ಲಿ ಒಂದು ತೂತು ಉಳಿಸಿದರು. ದನಿ ಹೋಯಿತು, ಕೈ ಉಳಿಯಿತು. ಆ ತೂತಿನ ಕಫ ತೆಗೆಯಲು ದಿನವೂ ಬರುತ್ತಿದ್ದವಳು ಹೊನ್ನೂರಮ್ಮ. ಕಿವಿ ಮೂಗು ಗಂಟಲಿನ ಶಸ್ತ್ರಚಿಕಿತ್ಸೆ ಕಲಿಯುತ್ತಿದ್ದ ಡಾಕ್ಟರು, ಕೂಡ್ಲಿಗಿ ಕಡೆಯ ಕೂಲಿಯವರ ಮಗಳು, ಕಡ್ಡಿಯಂಥ ಹುಡುಗಿ. ಒಂದು ದಿನ ನಳಿಕೆ ಒಳಗೆ ಚುಚ್ಚಿತೆಂದು ಅಪ್ಪ ಮಲಗಿದಲ್ಲಿಂದಲೇ ಅವಳಿಗೆ ಬಾರಿಸಿದ. ಅವಳ ಕನ್ನಡಕ ಹಾರಿ ಗೋಡೆಗೆ ಬಿತ್ತು. ಅವಳು ಬಿಟ್ಟ ಕೆಲಸ ಮುಗಿಸಿಯೇ ಕನ್ನಡಕ ಹುಡುಕಿಕೊಂಡಳು.

ನಾನು ಅವಳ ಹಿಂದೆಯೇ ಹೊರಗೆ ಹೋಗಿ ಕೈಮುಗಿದೆ. ಅವಳು ನನ್ನನ್ನೇ ನೋಡುತ್ತ ಅಂದಳು, "ನೀವು ಬಲಗಿವಿ ಮುಂದ ಮಾಡಿ ಕೇಳ್ತೀರಿ. ಎಡಗಡಿ ಪ್ರಸಾದ ಆಗೈತೇನ್ರಿ?"

"ಆ ಮಾತು ನಿಮಗ ಹೆಂಗ ಗೊತ್ತು?"

"ನಮ್ಮವ್ವ ಜಂಬಮ್ಮಗೂ ಆಗೈತ್ರಿ. ಹೊಡಿಯೋರು ಬಲಗೈಯವರು, ಎದುರಿಗೆ ನಿಂತಾಕಿಗೆ ಬೀಳೂದು ಎಡಗಿವಿಗೆ. ನಮ್ಮ ಓಣ್ಯಾಗ ಹೆಂಗಸರೆಲ್ಲ ಬಲಗಿವಿ ಮುಂದ ಮಾಡೇ ಮಾತಾಡ್ತಾರ. ನಾ ಸಣ್ಣಾಕಿದ್ದಾಗ ಅದು ಹೆಂಗಸರ ರೂಢಿ ಅಂತ ತಿಳಕೊಂಡಿದ್ದೆ."

ಅವಳ ಸಂಶೋಧನೆ ಶುರುವಾದದ್ದು ಅಲ್ಲಿಂದ. ಭಾನುವಾರ ಬಂದರೆ ಸಾಕು, ಸುತ್ತಲ ತಾಲ್ಲೂಕುಗಳಲ್ಲಿ ಕಿವಿ ತಪಾಸಣೆಯ ಕ್ಯಾಂಪು. ಹಂಪಸಾಗರದಿಂದ ಉಚ್ಚಂಗಿದುರ್ಗದವರೆಗೆ ನಾನೂ ಅವಳ ಹಿಂದೆ ಸುತ್ತಿದೆ. ಹೆಂಗಸರು ಬಂದು ಕೂತು "ನೀರು ಹೊಕ್ಕೈತ್ರಿ" ಅನ್ನುತ್ತಿದ್ದರು. ಹೊನ್ನೂರಮ್ಮ ಮೆಲ್ಲಗೆ "ನೀರೋ, ಪ್ರಸಾದೋ?" ಅಂತ ಕೇಳಿದರೆ ಮೊದಲು ನಗು ಬರುತ್ತಿತ್ತು, ಹಿಂದೆಯೇ ಅಳು. ಅವರು ಏನೆಂದರೋ ಅದನ್ನೇ ಅವಳು ಬರೆದುಕೊಂಡಳು.

ಈ ನಡುವೆ ಅಪ್ಪ ಸತ್ತ. ಗಿರಣಿ ನಮ್ಮಣ್ಣ ಗುರುಬಸವರಾಜನಿಗೆ ಬಂತು, ಕೈಯೂ ಅವನಿಗೇ ಬಂತು. ಅವನು ಎಡಚ. ಹಾಗಾಗಿ ಅವನ ಹೆಂಡತಿ ಗೀತಾಂಜಲಿಗೆ ಹೋದದ್ದು ಬಲಗಿವಿ.

ಗೀತಾಂಜಲಿ ಹಂಪಸಾಗರದವಳು. ಬಂದ ಹೊಸದರಲ್ಲಿ ಕೆಲಸ ಮಾಡುತ್ತ ಗುನುಗುತ್ತಿದ್ದಳು, ಈಗ ಬಾಗಿಲು ಸಪ್ಪಳವಾದರೂ ಬೆಚ್ಚುತ್ತಾಳೆ. ನಾನೇ ಜಗ್ಗಾಡಿ ಕ್ಯಾಂಪಿಗೆ ಕರೆದುಕೊಂಡು ಹೋದೆ. ಹೊನ್ನೂರಮ್ಮ ಬಹಳ ಹೊತ್ತು ನೋಡಿದಳು.

"ಬಲಗಿವಿ ಪರದಿ ಪೂರ್ತಿ ಹೋಗೈತ್ರಿ, ಒಳಗಿನ ಎಲುಬೂ ಮುರದಾವ. ಅದು ತಿರುಗಿ ಬರಂಗಿಲ್ಲ. ಈಗ ಎಡಗಿವಿಗೂ ಪೆಟ್ಟು ಬಿದ್ದಂಗೈತಿ, ಹಿಂಗೈಲೆ ಹೊಡದಾರೇನು?"

ಗೀತಾಂಜಲಿ ನೆಲ ನೋಡಿದಳು. "ನೀರು ಹೊಕ್ಕೈತ್ರಿ."

"ಉಳದಿದ್ದು ಇದೊಂದ ಕಿವಿ. ಇನ್ನೊಂದು ಏಟು ಬಿತ್ತಂದ್ರ ಮುಗೀತು, ನಿಮ್ಮ ದನಿ ನಿಮಗ ಕೇಳಂಗಿಲ್ಲ" ಎಂದು ಹೊನ್ನೂರಮ್ಮ ಹೇಳಿದಳು.

ನನ್ನ ಜೊತೆ ಹರಪನಹಳ್ಳಿಗೆ ಬಂದುಬಿಡು ಎಂದು ಗೀತಾಂಜಲಿಗೆ ಎಷ್ಟು ಸಲ ಹೇಳಿದೆನೋ. ಬೈದು ಹೇಳಿದೆ, ಅತ್ತು ಹೇಳಿದೆ. ಅವಳು ಸೆರಗಿನ ತುದಿ ತಿರುವುತ್ತ ನಿಲ್ಲುತ್ತಿದ್ದಳು. ಅವ್ವ ಒಳಗಿನಿಂದ "ಗಂಡ ಹೆಂಡ್ರ ಜಗಳ ಉಂಡು ಮಲಗೂ ತನಕ, ನೀ ನಡುವ ಹೋಗಬ್ಯಾಡ" ಎಂದು ಕೂಗುತ್ತಿದ್ದಳು. ನಲವತ್ತು ವರ್ಷ ಹೊಡೆಸಿಕೊಂಡವಳ ಬುದ್ಧಿ ನೋಡಿ! ಅಣ್ಣನ ಎದುರು ನಿಂತು ಕೇಳಿದರೆ ಅವನು "ನನ್ನ ಹೇಣ್ತಿ, ನನ್ನ ಮನಿ, ನೀ ಯಾವಾಕಿ?" ಅಂದ. ನಾನು ಹೋದ ಮೇಲೆ ಅವಳನ್ನು ಬಾಗಿಲ ಚೌಕಟ್ಟಿಗೆ ಬಡಿದನಂತೆ. ಬೆರಳ ಗುರುತು ಒಂದು ವಾರ ಕತ್ತಿನ ಮೇಲಿತ್ತು. ಹಾಳಾದವನು.

ಅಂಥವನಿಗೆ ಅಪ್ಪನ ಹೆಸರಿನಲ್ಲಿ ಪ್ರಶಸ್ತಿ ಕೊಡುವ ಹುಚ್ಚು ಹಿಡಿಯಿತು. ಪಟ್ಟಣ ಪಂಚಾಯ್ತಿ ಚುನಾವಣೆಗೆ ನಿಲ್ಲುವ ಆಸೆಯಿತ್ತು, ಊರಿನ ಕಣ್ಣಿಗೆ ದೊಡ್ಡವನಾಗಬೇಕಿತ್ತು. "ಅಪ್ಪಾಜಿ ಗಂಟಲು ನೋಡಿದ ಡಾಕ್ಟ್ರ ಋಣ ತೀರಸಬೇಕು" ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದ. ವೀರಭದ್ರಯ್ಯ ಸ್ಮಾರಕ ಸಂಶೋಧನಾ ಪ್ರಶಸ್ತಿ, ಕಿವಿ ಮೂಗು ಗಂಟಲಿನ ಶಸ್ತ್ರಚಿಕಿತ್ಸೆ ಕಲಿಯುವವರಿಗೆ. ಪರಊರಿನ ಪ್ರೊಫೆಸರರನ್ನು ತೀರ್ಪುಗಾರರನ್ನಾಗಿ ಮಾಡಿದ. ಅವರು ಆರಿಸಿದ್ದು ಯಾರನ್ನು? ಹೊನ್ನೂರಮ್ಮನನ್ನು! ಪ್ರಬಂಧ ಇಂಗ್ಲಿಷಿನಲ್ಲಿತ್ತು, ಅಣ್ಣ ಅದರ ಮೊದಲ ಪುಟವನ್ನೂ ಓದಲಿಲ್ಲ. "ಅಪ್ಪಾಜಿ ಸೇವಾ ಮಾಡಿದ ಹುಡುಗಿಗೇ ಬಂತಲ್ಲ, ದೇವರು ದೊಡ್ಡಾವ" ಎಂದು ಕಣ್ಣು ಒರೆಸಿಕೊಂಡ. ನನಗೆ ನಗು ತಡೆಯಲಾಗದೆ ಹಿತ್ತಲಿಗೆ ಓಡಿದೆ.

"ಪ್ರಸಾದ ಅಂತ ಹಂಗ ಬರದೀರೇನು?" ಎಂದು ಹೊನ್ನೂರಮ್ಮನನ್ನು ಕೇಳಿದೆ.

"ಹಂಗ ಬರದೀನ್ರಿ. ಅರ್ಥ ಕೊನಿ ಪುಟದಾಗ ಐತಿ. ಕೊನಿತನಕ ಓದಿದ್ರ ತಾನ?"

"ನಮ್ಮಣ್ಣಗ ಗೊತ್ತಾದ್ರ ನಿಮ್ಮನ್ನ ಸುಮ್ಮನ ಬಿಡಂಗಿಲ್ಲ."

"ನನಗ ಪ್ರಶಸ್ತಿ ಬ್ಯಾಡ್ರಿ, ಆ ಮೈಕು ಬೇಕು. ಗೀತಕ್ಕ ಮನಿಯಾಗ ಬಾಯಿ ಬಿಟ್ಟರ ಸಾಯ್ತಾಳ. ಊರ ಮುಂದ ಬಿಟ್ಟರ ಉಳೀತಾಳ."

ಎರಡು ಸಾವಿರದ ನಾಲ್ಕರ ಒಂದು ಭಾನುವಾರ ಬೆಳಿಗ್ಗೆ ಕೊಟ್ಟೂರಿನ ಕಲ್ಯಾಣ ಮಂಟಪದಲ್ಲಿ ಸಮಾರಂಭವಾಯಿತು. ಕುರ್ಚಿ ತುಂಬಲು ಗಿರಣಿಯವರನ್ನೆಲ್ಲ ಕರೆಸಿ ಉಪ್ಪಿಟ್ಟು ಹಾಕಿಸಿದ್ದ. ವೇದಿಕೆಯ ಹಿಂದೆ ಅಪ್ಪನ ದೊಡ್ಡ ಚಿತ್ರ, ಅದೂ ಆಶೀರ್ವಾದ ಮಾಡುವಂತೆ ಬಲಗೈ ಎತ್ತಿದ ಚಿತ್ರವನ್ನೇ ಆರಿಸಿದ್ದ. ಹಮಾಲ ಓಬಳೇಶ ಪಕ್ಕದವನನ್ನು ತಿವಿದು, "ನೋಡಲೇ, ಸತ್ತರೂ ಕೈ ಇಳಿಸಿಲ್ಲ" ಅಂದ. ಗೀತಾಂಜಲಿ ಶಾಲು, ಹಣ್ಣು, ಹಾರ ಇಟ್ಟ ತಟ್ಟೆ ಹಿಡಿದು ವೇದಿಕೆಯ ಬದಿಯಲ್ಲಿ ನಿಂತಿದ್ದಳು. ತಲೆಯ ಮೇಲೆ ಸೆರಗು, ಕೆನ್ನೆಗೆ ಬೇಕಾದ್ದಕ್ಕಿಂತ ಹೆಚ್ಚು ಪೌಡರು.

ತೀರ್ಪುಗಾರ ಪ್ರೊಫೆಸರರು ಕರಾವಳಿ ಕಡೆಯವರು, ಮೃದು ಮಾತಿನ ವೃದ್ಧರು. ಎದ್ದು ನಿಂತು ಶುದ್ಧ ಕನ್ನಡದಲ್ಲಿ ಹೇಳಿದರು: "ಈ ಭಾಗದಲ್ಲಿ ಕಿವಿಗೆ ಪ್ರಸಾದ ಹಾಕುವ ಪದ್ಧತಿ ಇದೆ ಎಂದು ಓದಿ ನನಗೆ ಆಘಾತವಾಯಿತು. ಪ್ರಸಾದ ಪವಿತ್ರವಾದದ್ದು, ಒಪ್ಪುತ್ತೇನೆ. ಆದರೆ ಅದನ್ನು ಬಾಯಿಗೆ ಹಾಕಬೇಕು, ಕಿವಿಗಲ್ಲ."

ಹಮಾಲರು ಒಬ್ಬರ ಮುಖ ಒಬ್ಬರು ನೋಡಿದರು.

"ವಿಶೇಷವಾಗಿ ಗಂಡಂದಿರು ಹೆಂಡತಿಯರಿಗೆ ಪ್ರಸಾದ ಕೊಡುವುದು ಹೆಚ್ಚು ಎಂದು ಡಾಕ್ಟರ್ ಹೊನ್ನೂರಮ್ಮ ತೋರಿಸಿದ್ದಾರೆ. ದಯವಿಟ್ಟು ಕೊಡಲೇಬೇಕಿದ್ದರೆ ಸ್ವಲ್ಪವೇ ಕೊಡಿ. ಕೊಡುವ ಮೊದಲು ಕೈ ತೊಳೆದುಕೊಳ್ಳಿ."

ಹಿಂದಿನ ಸಾಲಿನಿಂದ ಗಾಳೆಮ್ಮ, ಈಗ ಹಲ್ಲಿಲ್ಲದ ಮುದುಕಿ, ಗಂಟಲು ಹರಿಯುವಂತೆ ಕೂಗಿದಳು: "ಯಪ್ಪಾ, ಸಾಕ್ರೀ! ನಮಗ ಹೊಟ್ಟಿ ತುಂಬೈತಿ!"

ನಗು ಒಡೆಯಿತು. ಹಮಾಲರು ಕುರ್ಚಿ ಬಡಿದು ನಕ್ಕರು, ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡು ನಕ್ಕರು. ಪ್ರೊಫೆಸರರು ತಾವು ಏನೋ ಒಳ್ಳೆಯದನ್ನೇ ಹೇಳಿದೆವೆಂದು ತಾವೂ ನಕ್ಕರು. ಅಣ್ಣ ಮಾತ್ರ ನಗಲಿಲ್ಲ. ಅವನ ಕತ್ತಿನ ನರ ಎದ್ದದ್ದು ಮೊದಲ ಸಾಲಿನಲ್ಲಿದ್ದ ನನಗೆ ಕಾಣುತ್ತಿತ್ತು.

ಹೊನ್ನೂರಮ್ಮ ಮೈಕಿನ ಮುಂದೆ ಬಂದಳು. "ಸರ್ ತಪ್ಪು ತಿಳಕೊಂಡಾರ. ಅವರ ತಪ್ಪಲ್ಲ ಬಿಡ್ರಿ, ಅವರ ಊರಾಗ ಪ್ರಸಾದ ಅಂದ್ರ ಪ್ರಸಾದನ ಇರಬೇಕು. ನಮ್ಮ ಕಡಿ ಪ್ರಸಾದ ಅಂದ್ರ ಇದು." ಅಂಗೈ ಬಿಚ್ಚಿ ಎತ್ತಿ ಹಿಡಿದಳು. ಹಿಂದೆ ಅಪ್ಪನ ಕೈ, ಮುಂದೆ ಅವಳ ಕೈ. "ಈ ಹೆಸರು ಹುಟ್ಟಿದ್ದು ಇಲ್ಲೇ ಶೇಂಗಾ ಗಿರಣಿಯಾಗ. ನಾ ನೋಡಿದ ಹೆಂಗಸರ ಕಿವಿ ಹರದಿದ್ದು ನೀರಿನಿಂದಲ್ಲ, ಕೈಯಿಂದ. ನಾ ಬರದಿದ್ದು ಇಷ್ಟ."



ಅಣ್ಣ ಎದ್ದು ಮೈಕಿನ ವೈರು ಕಿತ್ತೆಸೆದ. "ಅಪ್ಪಾಜಿ ಅನ್ನ ಉಂಡು ಅಪ್ಪಾಜಿಗೇ ಎರಡು ಬಗಿತೀಯೇನಲೇ, ಕೂಲ್ಯಾರ ಹುಟ್ಟ!" ಅಂದ.

"ಅವರ ಅನ್ನ ಉಂಡಿಲ್ರಿ. ಪ್ರಸಾದ ಉಂಡೀನಿ" ಎಂದಳು ಅವಳು, ಮೈಕಿಲ್ಲದೆ, ಎಲ್ಲರಿಗೂ ಕೇಳುವಂತೆ.

ಅವನು ಬಾರಿಸಿದ. ಎಡಗೈ ಪೂರ್ತಿ ಬಿಚ್ಚಿ, ಮೈಯ ಭಾರವೆಲ್ಲ ಹಾಕಿ ಬಾರಿಸಿದ. ಅವಳು ಮೇಜಿನ ಮೇಲೆ ಬಿದ್ದಳು, ಮೇಜು ಅವಳ ಮೇಲೆ ಬಿತ್ತು. ನೀರಿನ ಗ್ಲಾಸು ಒಡೆದು ಮೊಳಕೈಗೆ ಹೊಕ್ಕಿತು. ಪ್ರೊಫೆಸರರು ಎರಡೂ ಕೈ ಎತ್ತಿ ಗೋಡೆಗೆ ಅಂಟಿ ನಿಂತರು.

ಅವಳು ಮಂಡಿಯೂರಿ ಎದ್ದಳು. ಬಲಗಿವಿಯಿಂದ ರಕ್ತ ಇಳಿಯುತ್ತಿತ್ತು. ಅಳಲಿಲ್ಲ, ಬೈಯಲಿಲ್ಲ. ತನ್ನ ಮೂಗನ್ನು ತಾನೇ ಬಿಗಿಯಾಗಿ ಹಿಡಿದು, ಬಾಯಿ ಮುಚ್ಚಿ, ಒಳಗೇ ಊದಿದಳು. ಒಂದು ಗಳಿಗೆ ತಲೆ ಓರೆ ಮಾಡಿ ಕೇಳಿಸಿಕೊಂಡಳು.

"ಹರದೈತಿ" ಅಂದಳು. "ಮೂಗು ಹಿಡಿದು ಊದಿದ್ರ ಗಾಳಿ ಕಿವ್ಯಾಗಿಂದ ಸುಂಯ್ ಅಂತ ಹೊರಗ ಬರ್ತೈತಿ. ಪರದಿ ಗಟ್ಟಿ ಇದ್ರ ಬರಂಗಿಲ್ಲ. ನೀರು ಹೊಕ್ಕಿದ್ರೂ ಬರಂಗಿಲ್ಲ."

ಹಿಂದಿನ ಸಾಲಿನಲ್ಲಿ ಗಾಳೆಮ್ಮ ತನ್ನ ಮೂಗು ಹಿಡಿದಳು. ಊದಿದಳು. ಕಣ್ಣು ಅರಳಿಸಿ, "ಯವ್ವಾ, ಬಂತು!" ಅಂದಳು. ಅವಳ ಪಕ್ಕದ ಭರಮಮ್ಮ ಹಿಡಿದಳು. ಮುಂದಿನ ಸಾಲಿನ ಚೌಡಕ್ಕ ಹಿಡಿದಳು. ಕುಂಕುಮದ ಹೆಂಗಸರು, ರೇಷ್ಮೆ ಸೀರೆಯವರು, ಗಿರಣಿಯ ಧೂಳಿನವರು, ಒಬ್ಬರಾದ ಮೇಲೊಬ್ಬರು ಮೂಗು ಹಿಡಿದು ಊದಿ, ತಲೆ ಓರೆ ಮಾಡಿದರು. "ನಂದೂ." "ನಂದೂ ಬಂತವ್ವಾ." ಗಂಡಸರು ಹೆಂಡತಿಯರ ಕೈ ಹಿಡಿದೆಳೆದು "ಏ ಸುಮ್ನಿರ" ಎಂದು ಹಲ್ಲು ಕಡಿದರು. ನನ್ನ ಪಕ್ಕದಲ್ಲಿ ನಮ್ಮವ್ವ ಕೊಟ್ರಮ್ಮ ಮೂಗು ಹಿಡಿದಳು. ಊದಿದವಳೇ ಮುಖ ಮುಚ್ಚಿಕೊಂಡು ಅತ್ತಳು. ಅವಳು ಅಪ್ಪ ಸತ್ತಾಗಲೂ ಹಾಗೆ ಅತ್ತಿರಲಿಲ್ಲ.

ವೇದಿಕೆಯ ಬದಿಯಲ್ಲಿ ಗೀತಾಂಜಲಿ ತಟ್ಟೆಯನ್ನು ಕೆಳಗಿಟ್ಟಳು. ಸೆರಗು ಸರಿಸಿದಳು. ಮೂಗು ಹಿಡಿದು ಊದಿದಳು.

"ನಂದು ಬಲಗಿವಿ" ಅಂದಳು. ದನಿ ಸಣ್ಣದಿತ್ತು, ಆದರೂ ಮೊದಲ ಸಾಲಿಗೆ ಕೇಳಿತು. ನಂತರ ಗಂಡನ ಕಡೆ ಬೆರಳು ಮಾಡಿದಳು. "ಇವರ ಕೈ."

ಹೇಳಿದಳು, ಕಡೆಗೂ ಹೇಳಿದಳು! ಅಷ್ಟರಲ್ಲಿ ಅಣ್ಣ ಅವಳ ಮೇಲೆ ಹಾರಿದ. ಕೂದಲು ಹಿಡಿದು ಮುಖ ಎತ್ತಿ, ಹಿಂಗೈ ಬೀಸಿದ. ಎಡಗಿವಿಯ ಕಡೆಗೇ ಬೀಸಿದ, ಬೇಕಂತಲೇ. ಅವಳು ಮುದುಡಿದ್ದರಿಂದ ಏಟು ದವಡೆಗೆ ಬಿತ್ತು. ಬಾಯಿಂದ ರಕ್ತದ ಜೊತೆ ಹಲ್ಲಿನ ಚೂರು ಹಾರಿ ಶಾಲಿನ ಮೇಲೆ ಬಿತ್ತು. ಅವಳು ನೆಲಕ್ಕುರುಳಿದಳು. ಅವನು ಮತ್ತೆ ಕೈ ಎತ್ತಿದ.

ನಾನು ವೇದಿಕೆಗೆ ಹೇಗೆ ಹತ್ತಿದೆನೋ ಗೊತ್ತಿಲ್ಲ. ಅವನ ಅಂಗಿಯ ಕಾಲರು ಹಿಡಿದು ತಿರುಗಿಸಿ, ಬಲಗೈ ಪೂರ್ತಿ ಬಿಚ್ಚಿ, ಕಿವಿ ಕೆನ್ನೆ ಎರಡೂ ಸೇರುವಂತೆ ಕೊಟ್ಟೆ. ಚಟಾರ್ ಎಂದಿತು. ಅವನು ಬಾಯಿ ತೆರೆದು ನಿಂತ. ಮತ್ತೆ ಕೊಟ್ಟೆ. ಅಪ್ಪನ ಏಟಿಗೆ ಒಂದು, ಅವ್ವನ ಹಣೆಗೆ ಒಂದು, ಚೌಕಟ್ಟಿಗೆ ಒಂದು. ಲೆಕ್ಕ ತಪ್ಪಿತು. ಅವನು ಬಿದ್ದ. ಅವನ ಎದೆಯ ಮೇಲೆ ಮಂಡಿ ಊರಿ ಕುಳಿತು ಕೊಟ್ಟೆ. ಕಿವಿಯಿಂದ ರಕ್ತ ಬಂತು, ನನ್ನ ಅಂಗೈ ಜಾರತೊಡಗಿತು, ಆದರೂ ಕೊಟ್ಟೆ. "ಸಾಕು ಸುಮಿ, ಸಾಕಲೇ" ಎಂದು ಅವನು ಚಿಕ್ಕವನಿದ್ದಾಗ ಕರೆಯುತ್ತಿದ್ದ ಹೆಸರು ಹಿಡಿದು ಅಂಗಲಾಚಿದ. ಅದಕ್ಕೂ ಒಂದು ಕೊಟ್ಟೆ.

ಸಭೆ ಎದ್ದು ನಿಂತಿತ್ತು. ಸಿಳ್ಳೆ, ಚಪ್ಪಾಳೆ. ಓಬಳೇಶ ಕುರ್ಚಿಯ ಮೇಲೆ ಹತ್ತಿ ಕೂಗಿದ: "ಪ್ರಸಾದ! ಅಕ್ಕಾರ ಪ್ರಸಾದ!" ಇನ್ನೊಬ್ಬ, "ಅಯ್ಯಾರ ಮಗಳಲೇ ಅಕಿ! ಕೈ ನೋಡು, ಅದ ಕೈ!" ಅಂದ.

ಸುಳ್ಳು ಯಾಕೆ ಹೇಳಲಿ, ಆ ಮಾತು ಸಿಹಿಯಾಗಿತ್ತು. ಬಾಯಲ್ಲಿ ಬೆಲ್ಲ ಇಟ್ಟ ಹಾಗೆ. ಅಂಗೈ ಉರಿಯುತ್ತಿತ್ತು, ಆ ಉರಿಯೂ ಹಿತವಾಗಿತ್ತು. ಇನ್ನೂ ಹೊಡೆಯಬೇಕೆನ್ನಿಸುತ್ತಿತ್ತು. ಹಮಾಲರೇ ಬಂದು ನನ್ನನ್ನು ಎಬ್ಬಿಸಿದರು, ನಗುತ್ತ, ಹಬ್ಬದಲ್ಲಿ ಗೆದ್ದವರನ್ನು ಎತ್ತುವಂತೆ.

ನಾನು ಗೀತಾಂಜಲಿಯ ಕಡೆ ತಿರುಗಿದೆ. ಅವಳು ಚೆಲ್ಲಿದ ಹಣ್ಣುಗಳ ನಡುವೆ, ಗೋಡೆಗೆ ಬೆನ್ನು ಹಚ್ಚಿ ಕುಳಿತಿದ್ದಳು. ಇಷ್ಟು ವರ್ಷ ಕಾದ ಗಳಿಗೆ ಬಂದಿತ್ತು. ಅವಳು ಬಾಯಿ ಬಿಟ್ಟಿದ್ದಳು, ಕಿವಿ ಉಳಿದಿತ್ತು, ಅವನು ನೆಲದ ಮೇಲೆ ಬಿದ್ದಿದ್ದ. ಇನ್ನು ಕರೆದುಕೊಂಡು ಹೋಗುವುದೊಂದೇ.

"ಏಳು ಗೀತಾ, ಹರಪನಹಳ್ಳಿಗೆ ಹೋಗೂಣು" ಎಂದು ಬಲಗೈ ಚಾಚಿದೆ.

ಅವಳು ಚೀರಿದಳು. ಎರಡೂ ಅಂಗೈಯಲ್ಲಿ ಎಡಗಿವಿಯನ್ನು ಮುಚ್ಚಿಕೊಂಡು, ಮಂಡಿಯ ನಡುವೆ ತಲೆ ತುರುಕಿಕೊಂಡಳು.

"ಹೊಡೀಬ್ಯಾಡ್ರಿ ಅಕ್ಕಾರ. ಇದೊಂದ ಉಳದೈತ್ರಿ. ಹೊಡೀಬ್ಯಾಡ್ರಿ."

"ನಾನವ್ವಾ, ನಾನು" ಅಂದೆ. ನನ್ನ ದನಿ ಜೋರಾಗಿಯೇ ಬಂತು, ನನಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. ಅವಳು ಇನ್ನಷ್ಟು ಮುದುಡಿದಳು. ಹಿಂದೆ ಓಬಳೇಶ ಇನ್ನೂ ಪ್ರಸಾದ, ಪ್ರಸಾದ ಎಂದು ಕೂಗುತ್ತಿದ್ದ. ಮುಚ್ಚಲೇ ಬಾಯಿ ಎಂದು ಅವನ ಕಡೆ ಕೈ ಎತ್ತಿದೆ. ಅವನು ಅಂಜಿ ಕುರ್ಚಿಯಿಂದ ಇಳಿದ.

ಹೊನ್ನೂರಮ್ಮ ಬಂದು ಗೀತಾಂಜಲಿಯ ಪಕ್ಕದಲ್ಲಿ ನೆಲಕ್ಕೆ ಕುಳಿತಳು. ಅವಳನ್ನು ಮುಟ್ಟಲಿಲ್ಲ. ಬಹಳ ಹೊತ್ತಿನ ಮೇಲೆ ಗೀತಾಂಜಲಿ ಕಿವಿಯಿಂದ ಒಂದು ಕೈ ತೆಗೆದು ಅವಳ ಕೈ ಹಿಡಿದಳು. ಇಬ್ಬರೂ ಎದ್ದು ಹೆಂಗಸರ ನಡುವೆ ದಾರಿ ಮಾಡಿಕೊಂಡು ಬಾಗಿಲ ಕಡೆಗೆ ನಡೆದರು. ಹೊರಗೆ ಹೊನ್ನೂರಮ್ಮ ಬಂದಿದ್ದ ಕೂಡ್ಲಿಗಿಯ ಬಾಡಿಗೆ ಜೀಪು ನಿಂತಿತ್ತು. ನಾನು ಹಿಂದೆ ಹೋಗಲಿಲ್ಲ. ನಾನು ಹತ್ತಿರ ಹೋದರೆ ಅವಳು ಮತ್ತೆ ಕಿವಿ ಮುಚ್ಚಿಕೊಳ್ಳುತ್ತಿದ್ದಳು.